ಹಾಸನ–ಚಿಕ್ಕಮಗಳೂರಿನಿಂದ ಹೈಕೋರ್ಟಿಗೆ: ರಿಟ್ ಅರ್ಜಿಯೇ, ಮೇಲ್ಮನವಿಯೇ, ಊರಲ್ಲೇ ದಾವೆಯೇ?

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ, ವ್ಯಾಜ್ಯದಲ್ಲಿ ಸೋತವರು ವಕೀಲರ ಕಚೇರಿಯಿಂದ ಮೆಟ್ಟಿಲಿಳಿಯುವಾಗ ಆಡುವ ಮಾತು ಸಾಮಾನ್ಯವಾಗಿ ಒಂದೇ: "ಹೈಕೋರ್ಟಿಗೆ ಹಾಕೋಣ." ಏನನ್ನು ಹಾಕುವುದು ಎಂಬ ಪ್ರಶ್ನೆ ಆ ಹೊತ್ತಿಗೆ ಯಾರಿಗೂ ಹೊಳೆಯುವುದಿಲ್ಲ. ಆದರೆ ಬೆಂಗಳೂರಿನ ಅಠಾರಾ ಕಚೇರಿಯಲ್ಲಿ, ಅಂದರೆ ಹೈಕೋರ್ಟಿನ ಕಟ್ಟಡದಲ್ಲಿ, ಕಡತ ಬಿಚ್ಚಿದಾಗ ಮೊದಲು ಪರಿಶೀಲನೆಗೆ ಬರುವುದು ನ್ಯಾಯ ಯಾರ ಕಡೆಗಿದೆ ಎಂಬುದಲ್ಲ. ಈ ಕಕ್ಷಿದಾರರು ಯಾವ ಬಾಗಿಲಿನಿಂದ ಬಂದಿದ್ದಾರೆ, ಆ ಬಾಗಿಲು ಇವರ ಪಾಲಿಗೆ ತೆರೆದಿದೆಯೇ ಎಂಬುದು. ಒಂದೇ ಜಮೀನಿನ ಒಂದೇ ತಕರಾರು ರಿಟ್ ಅರ್ಜಿಯಾಗಿ (ಅಧಿಕಾರಿಯ ಆದೇಶವನ್ನು ಸಂವಿಧಾನದಡಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ) ಹೋದರೆ ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆಯೇ ಮುಗಿಯುತ್ತದೆ, ಪ್ರಥಮ ಮೇಲ್ಮನವಿಯಾಗಿ ಹೋದರೆ ಸಾಕ್ಷ್ಯವೆಲ್ಲ ಮತ್ತೊಮ್ಮೆ ತೂಗಲ್ಪಡುತ್ತದೆ, ದ್ವಿತೀಯ ಮೇಲ್ಮನವಿಯಾಗಿ ಹೋದರೆ ಕಾನೂನಿನ ಪ್ರಶ್ನೆಯೊಂದನ್ನು ಬಿಟ್ಟು ಬೇರೇನನ್ನೂ ನೋಡಲಾಗುವುದಿಲ್ಲ. ಹೀಗಾಗಿ ವಕೀಲರನ್ನು ಆರಿಸುವ ಮೊದಲು ದಾರಿಯನ್ನು ಆರಿಸಿಕೊಳ್ಳಬೇಕು. ಅದಕ್ಕೆ ನೆರವಾಗಲೆಂದು ಈ ಹೋಲಿಕೆ.

ಮೊದಲಿಗೆ ಊರಿನ ವಿಚಾರ. ಧಾರವಾಡ ಮತ್ತು ಕಲಬುರಗಿಯ ಪೀಠಗಳು 2008ರಲ್ಲಿ ಸಂಚಾರಿ ಪೀಠಗಳಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದವು. ನಮ್ಮ ಎರಡು ಜಿಲ್ಲೆಗಳು ಆ ಎರಡರ ವ್ಯಾಪ್ತಿಗೂ ಬಾರದೆ ಬೆಂಗಳೂರಿನ ಪ್ರಧಾನ ಪೀಠದಲ್ಲೇ ಉಳಿದಿವೆ. ಹಾಸನದವರಿಗೆ 2017ರಲ್ಲಿ ಕುಣಿಗಲ್ ಮಾರ್ಗದ ರೈಲು ಬಂದ ಮೇಲೆ ಓಡಾಟ ಹಗುರವಾಗಿದೆ. ಉಚ್ಚ ನ್ಯಾಯಾಲಯದಲ್ಲಿ ಹೊಸದಾಗಿ ಸಾಕ್ಷಿ ಹೇಳುವ ಪ್ರಸಂಗ ಬಹಳ ಅಪರೂಪವಾದ್ದರಿಂದ ಕಕ್ಷಿದಾರರು ಪ್ರತಿ ವಾಯಿದೆಗೂ ಹೋಗಿ ಕೂರಬೇಕಾದ ಅಗತ್ಯವೂ ಇಲ್ಲ. ತಾಲ್ಲೂಕು ನ್ಯಾಯಾಲಯದ ಅಭ್ಯಾಸದಂತೆ ಪ್ರತಿ ಸಲ ಬಸ್ಸು ಹತ್ತುವವರು ಹಣ ಕಳೆಯುತ್ತಾರೆ, ಅಷ್ಟೇ.

ಪಹಣಿ ಜಗಳ: ರಿಟ್ಟೋ, ದಾವೆಯೋ

ನಮ್ಮ ಕಡೆ ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆಲೂರು ಕಡೆಯ ಇಬ್ಬರು ಅಣ್ಣತಮ್ಮಂದಿರನ್ನು ಊಹಿಸಿಕೊಳ್ಳಿ. ತಂದೆ ತೀರಿಕೊಂಡ ಮೇಲೆ ಹಿರಿಯವನು ಒಂದು ಉಯಿಲನ್ನು ತೋರಿಸಿ ಪಹಣಿಯನ್ನು ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡಿದ್ದಾನೆ. ಕಿರಿಯವನು ಭೂಕಂದಾಯ ಕಾಯ್ದೆಯ 136ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಹಾಕಿ ಸೋತಿದ್ದಾನೆ, ಜಿಲ್ಲಾಧಿಕಾರಿಗಳ ಮುಂದೆ ರಿವಿಷನ್ (ಆದೇಶದ ಮರುಪರಿಶೀಲನೆ ಕೋರುವ ಅರ್ಜಿ) ಹಾಕಿ ಅಲ್ಲಿಯೂ ಸೋತಿದ್ದಾನೆ. ಮುಂದಿನ ಮೆಟ್ಟಿಲು ಹೈಕೋರ್ಟು ಎಂದು ಅವನಿಗೆ ಅನ್ನಿಸುವುದು ಸಹಜ. ಸಂವಿಧಾನದ 226 ಮತ್ತು 227ನೇ ವಿಧಿಗಳಡಿ ರಿಟ್ ಅರ್ಜಿ ಸಲ್ಲಿಸಲು ಅಡ್ಡಿಯೂ ಇಲ್ಲ. ಆದರೆ ರಿಟ್ ನ್ಯಾಯಾಲಯ ಕೇಳುವ ಪ್ರಶ್ನೆಗಳೇ ಬೇರೆ: ಆದೇಶ ಮಾಡಿದ ಅಧಿಕಾರಿಗೆ ಆ ಅಧಿಕಾರವಿತ್ತೇ, ನೋಟಿಸ್ ಜಾರಿಯಾಗಿತ್ತೇ, ಎರಡೂ ಕಡೆಯವರ ಮಾತು ಕೇಳಲಾಗಿತ್ತೇ, ಆದೇಶದಲ್ಲಿ ಕಾರಣಗಳಿವೆಯೇ? ಉಯಿಲು ನಿಜವೋ ಸೃಷ್ಟಿಸಿದ್ದೋ, ಸಹಿ ತಂದೆಯದೋ ಅಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುವ ಸಂಗತಿಯಲ್ಲ. ಉಯಿಲಿಗೆ ಸಾಕ್ಷಿ ಹಾಕಿದವರನ್ನು ಕಟಕಟೆಗೆ ಕರೆದು ಪಾಟೀಸವಾಲು ಮಾಡದೆ ಅದನ್ನು ತೀರ್ಮಾನಿಸಲು ಬರುವುದೂ ಇಲ್ಲ.

ಪಹಣಿಯ ನಮೂದು ಕಂದಾಯ ವಸೂಲಿಯ ದಾಖಲೆಯೇ ಹೊರತು ಹಕ್ಕುಪತ್ರವಲ್ಲ ಎಂಬುದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿರುವ ಮಾತು. ಹಾಗಾಗಿ ಜಗಳದ ಬೇರು ಮಾಲೀಕತ್ವದಲ್ಲಿದ್ದರೆ ಕಿರಿಯವನಿಗೆ ಸರಿಯಾದ ಜಾಗ ಊರಿನ ಸಿವಿಲ್ ನ್ಯಾಯಾಲಯ; ಅಲ್ಲಿ ಘೋಷಣೆ ಅಥವಾ ವಿಭಾಗದ ದಾವೆ ಹೂಡಿ, ಗೆದ್ದ ಡಿಕ್ರಿಯನ್ನು (ತೀರ್ಪಿನ ಮೇಲೆ ಹೊರಡುವ ನ್ಯಾಯಾಲಯದ ಆದೇಶ) ತೋರಿಸಿದರೆ ಪಹಣಿ ತಾನಾಗಿ ಬದಲಾಗುತ್ತದೆ. ದಾವೆ ನಿಧಾನ, ಸಾಕ್ಷಿಗಳನ್ನು ಕರೆತರಬೇಕು, ಕೋರ್ಟ್ ಫೀ ಕಟ್ಟಬೇಕು ಎಂಬುದೆಲ್ಲ ನಿಜ. ರಿಟ್ ಅರ್ಜಿ ಬೇಗ ಮುಗಿಯಬಹುದು ಎಂಬುದೂ ನಿಜ. ಆದರೆ ಬೇಗ ಮುಗಿದು "ಅರ್ಜಿದಾರರು ಸಿವಿಲ್ ನ್ಯಾಯಾಲಯಕ್ಕೆ ಹೋಗಲು ಸ್ವತಂತ್ರರು" ಎಂಬ ಸಾಲು ಕೈಗೆ ಬಂದರೆ ಆ ವೇಗದಿಂದ ಲಾಭವೇನು? ಅಷ್ಟರೊಳಗೆ ಕಾಲಮಿತಿಯ ಗಡಿಯಾರ ಓಡುತ್ತಿರುತ್ತದೆ. ಬರಿಯ ಘೋಷಣೆಗೆ ಹಕ್ಕು ನಿರಾಕರಣೆಯಾದ ದಿನದಿಂದ 3 ವರ್ಷ. ಮಾಲೀಕತ್ವದ ಆಧಾರದಲ್ಲಿ ಸ್ವಾಧೀನವನ್ನೂ ಕೇಳುವುದಾದರೆ 12 ವರ್ಷ. ತಪ್ಪು ವೇದಿಕೆಯಲ್ಲಿ ಪ್ರಾಮಾಣಿಕವಾಗಿ ಕಳೆದ ಕಾಲವನ್ನು ಬಿಟ್ಟು ಲೆಕ್ಕ ಹಾಕಲು ಕಾಲಮಿತಿ ಕಾಯ್ದೆಯ 14ನೇ ಕಲಮು ಅವಕಾಶ ಕೊಡುತ್ತದಾದರೂ, ಅದನ್ನು ನೆಚ್ಚಿಕೊಂಡು ರಿಟ್ ಹಾಕುವುದು ಜಾಣತನವಲ್ಲ.

ಇದರ ಅರ್ಥ ರಿಟ್ ಅರ್ಜಿ ನಿಷ್ಪ್ರಯೋಜಕ ಎಂದಲ್ಲ. ಬಗರ್ ಹುಕುಂ ಸಾಗುವಳಿಯನ್ನು, ಅಂದರೆ ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು, ಸಕ್ರಮಗೊಳಿಸಲು ಕೋರಿದ ನಮೂನೆ 57ರ ಅರ್ಜಿಯನ್ನು ಕಾರಣವನ್ನೇ ಬರೆಯದೆ ತಿರಸ್ಕರಿಸಿದ್ದರೆ, ನೋಟಿಸ್ ಕೊಡದೆ ಮಂಜೂರಾತಿಯನ್ನು ರದ್ದುಮಾಡಿದ್ದರೆ, ಕಾನೂನಿನಲ್ಲಿ ಇಲ್ಲದ ಅಧಿಕಾರವನ್ನು ಅಧಿಕಾರಿಯೊಬ್ಬರು ಚಲಾಯಿಸಿದ್ದರೆ ರಿಟ್ಟಿಗಿಂತ ಹರಿತವಾದ ಸಾಧನ ಇನ್ನೊಂದಿಲ್ಲ. ಬೇರೆ ಪರಿಹಾರ ಇದ್ದಾಗಲೂ ಹೈಕೋರ್ಟು ಯಾವಾಗ ಕೈಹಾಕಬಹುದು ಎಂಬುದನ್ನು ಸುಪ್ರೀಂ ಕೋರ್ಟು 1998ರ ವರ್ಲ್‌ಪೂಲ್ ಪ್ರಕರಣದಲ್ಲಿ ಹೇಳಿದೆ: ಮೂಲಭೂತ ಹಕ್ಕಿನ ಪ್ರಶ್ನೆ, ಸಹಜ ನ್ಯಾಯದ ಉಲ್ಲಂಘನೆ, ಅಧಿಕಾರವ್ಯಾಪ್ತಿಯೇ ಇಲ್ಲದ ನಡವಳಿಕೆ, ಕಾಯ್ದೆಯ ಸಿಂಧುತ್ವಕ್ಕೇ ಸವಾಲು. ನಿಮ್ಮ ತಕರಾರು ಈ ನಾಲ್ಕರಲ್ಲಿ ಒಂದಕ್ಕೂ ಹೊಂದದಿದ್ದರೆ, ಕಾಯ್ದೆಯಲ್ಲಿ ಮೇಲ್ಮನವಿ ಇದ್ದೂ ನೇರ ರಿಟ್ ಹಾಕೋಣ ಎನ್ನುವವರ ಮಾತಿಗೆ ತಲೆದೂಗಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಕಾಯ್ದೆಯ ಪ್ರಕರಣಗಳಲ್ಲಿ ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ, ಅನಂತರ ರಿಟ್ ಎಂಬುದೇ ರೂಢಿಯ ದಾರಿ. ಅಲ್ಲಿ ನಿಜವಾದ ಕದನ ವಿಳಂಬದ ಮೇಲೆ ನಡೆಯುತ್ತದೆ: ಅತಿಯಾಗಿ ತಡಮಾಡಿ ಬಂದ ಅರ್ಜಿಗಳನ್ನು ಪುರಸ್ಕರಿಸಬಾರದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು, ಕಾಲಮಿತಿಯೇ ಇಲ್ಲವೆಂದು ರಾಜ್ಯ 2023ರಲ್ಲಿ ತಿದ್ದುಪಡಿ ತಂದಿತು.

ರಿಟ್ಟಿನಲ್ಲಿ ಗೆದ್ದರೂ ಏನು ಸಿಗುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಹೈಕೋರ್ಟು ಸಾಮಾನ್ಯವಾಗಿ ಅಧಿಕಾರಿಯ ಕುರ್ಚಿಯಲ್ಲಿ ತಾನು ಕೂರುವುದಿಲ್ಲ; ಆದೇಶವನ್ನು ರದ್ದುಮಾಡಿ, ಹೊಸದಾಗಿ ತೀರ್ಮಾನಿಸಿ ಎಂದು ಹಿಂದಕ್ಕೆ ಕಳಿಸುತ್ತದೆ. ಬಾಬಾಬುಡನ್‌ಗಿರಿಯ ಪೂಜಾವಿಧಿಯ ಕುರಿತು ಸರ್ಕಾರ 2018ರಲ್ಲಿ ಹೊರಡಿಸಿದ್ದ ಆದೇಶವನ್ನು ಏಕಸದಸ್ಯ ಪೀಠ 2021ರ ಸೆಪ್ಟೆಂಬರಿನಲ್ಲಿ ರದ್ದುಪಡಿಸಿದಾಗಲೂ ವಿಷಯ ಮರುಪರಿಶೀಲನೆಗೆಂದು ಸರ್ಕಾರಕ್ಕೇ ಮರಳಿತು. ಇದಕ್ಕಿಂತಲೂ ತೆಳುವಾದ ಇನ್ನೊಂದು ಗೆಲುವುಂಟು: "ಅರ್ಜಿದಾರರ ಮನವಿಯನ್ನು ಕಾನೂನಿನ ಪ್ರಕಾರ ಇಷ್ಟು ವಾರಗಳಲ್ಲಿ ಪರಿಗಣಿಸತಕ್ಕದ್ದು." ಈ ಒಂದು ಸಾಲಿನ ಆದೇಶ ಹಿಡಿದು ಊರಲ್ಲಿ ಸಿಹಿ ಹಂಚಿದವರನ್ನು ನಾನು ಕಂಡಿದ್ದೇನೆ. ಅಧಿಕಾರಿ ಮನವಿಯನ್ನು "ಪರಿಗಣಿಸಿ", ಹಳೆಯ ಕಾರಣವನ್ನೇ ಹೊಸ ಹಾಳೆಯಲ್ಲಿ ಬರೆದು ತಿರಸ್ಕರಿಸಿದಾಗ ಅವರಿಗೆ ತಿಳಿದದ್ದು, ಹೈಕೋರ್ಟು ಕೊಡು ಎಂದಿರಲಿಲ್ಲ, ನೋಡು ಎಂದಷ್ಟೇ ಹೇಳಿತ್ತು ಎಂಬುದು.

ಕಾಫಿ ಬೆಳೆಗಾರರಿಗೆ ಒಂದು ಮಾತು. ತೋಟದ ಮೇಲಿನ ಸಾಲ ಕಟ್ಟಲಾಗದೆ ಬ್ಯಾಂಕು ಸರ್ಫೇಸಿ ಕಾಯ್ದೆಯಡಿ (ನ್ಯಾಯಾಲಯಕ್ಕೆ ಹೋಗದೆಯೇ ಅಡವಿನ ಆಸ್ತಿಯನ್ನು ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ) ಹರಾಜಿಗೆ ಇಳಿದಾಗ ಎಲ್ಲರೂ ಓಡುವುದು ರಿಟ್ಟಿಗೆ. ಆದರೆ ಆ ಕಾಯ್ದೆಯಲ್ಲಿ ಸಾಲ ವಸೂಲಿ ನ್ಯಾಯಮಂಡಳಿಗೆ 45 ದಿನಗಳಲ್ಲಿ ಹೋಗುವ ದಾರಿ ಇರುವಾಗ ಹೈಕೋರ್ಟುಗಳು ಅವಸರಪಟ್ಟು ತಡೆಯಾಜ್ಞೆ ಕೊಡಬಾರದೆಂದು ಸುಪ್ರೀಂ ಕೋರ್ಟು 2010ರ ಸತ್ಯವತಿ ಟಂಡನ್ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿದೆ. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸದು ಎಂಬ 31ನೇ ಕಲಮಿನ ವಿನಾಯಿತಿಯೇ ನಿಮ್ಮ ಆಸರೆಯಾಗಿದ್ದರೂ, ಆ ಜಾಗ ನಿಜಕ್ಕೂ ಕೃಷಿಯಲ್ಲಿದೆಯೇ ಎಂಬುದು ಸಾಕ್ಷ್ಯದಿಂದ ತೀರ್ಮಾನವಾಗಬೇಕಾದ ಸಂಗತಿ. ಅದಕ್ಕೆ ನ್ಯಾಯಮಂಡಳಿಯೇ ತಕ್ಕ ಜಾಗ. ಹರಾಜಿನ ಹಿಂದಿನ ದಿನ ರಿಟ್ ಹಾಕಿ ತಡೆ ಸಿಕ್ಕರೂ, ಸಾಲದ ದೊಡ್ಡ ಪಾಲನ್ನು ಮೊದಲು ಕಟ್ಟಿ ಎಂಬ ಷರತ್ತು ಅದರ ಬೆನ್ನಿಗೇ ಬರುವುದುಂಟು.

ಡಿಕ್ರಿಯ ನಂತರ: ಪ್ರಥಮವೋ, ದ್ವಿತೀಯವೋ

ಸಿವಿಲ್ ದಾವೆಯಲ್ಲಿ ಸೋತವರಿಗೆ ಆಯ್ಕೆ ಕಡಿಮೆ, ಏಕೆಂದರೆ ಯಾವ ನ್ಯಾಯಾಲಯ ತೀರ್ಪು ಕೊಟ್ಟಿತು ಎಂಬುದೇ ದಾರಿಯನ್ನು ನಿರ್ಧರಿಸುತ್ತದೆ. ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರ ಡಿಕ್ರಿಯ ಮೇಲಿನ ಪ್ರಥಮ ಮೇಲ್ಮನವಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ, 30 ದಿನಗಳೊಳಗೆ. ಅಲ್ಲಿಯೂ ಸೋತರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನಡಿ ಹೈಕೋರ್ಟಿಗೆ ದ್ವಿತೀಯ ಮೇಲ್ಮನವಿ, 90 ದಿನಗಳೊಳಗೆ. ಪ್ರಥಮ ಮೇಲ್ಮನವಿಯಲ್ಲಿ ನ್ಯಾಯಾಲಯ ಸಾಕ್ಷ್ಯವನ್ನು ಮೊದಲಿನಿಂದ ಓದಿ ತನ್ನದೇ ತೀರ್ಮಾನಕ್ಕೆ ಬರಬೇಕು. ಅದು ಕಕ್ಷಿದಾರನ ಹಕ್ಕು. ದ್ವಿತೀಯದಲ್ಲಿ ಹಾಗಲ್ಲ. 1976ರ ತಿದ್ದುಪಡಿಯ ನಂತರ, ಕಾನೂನಿನ ಮಹತ್ವದ ಪ್ರಶ್ನೆ ಇದೆಯೆಂದು ಮನವರಿಕೆಯಾಗಿ ಅದನ್ನು ಬರೆದುಕೊಂಡ ಮೇಲಷ್ಟೇ ಹೈಕೋರ್ಟು ಮುಂದುವರಿಯಬಲ್ಲದು. ಪ್ರಶ್ನೆ ಹುಟ್ಟದಿದ್ದರೆ ಪ್ರವೇಶದ ಹಂತದಲ್ಲೇ, ಕೆಲವೊಮ್ಮೆ ಮೂರು ನಿಮಿಷಗಳಲ್ಲಿ, ಹತ್ತು ವರ್ಷಗಳ ವ್ಯಾಜ್ಯ ಮುಗಿದುಹೋಗುತ್ತದೆ. ಎದುರುದಾರರಿಗೆ ನೋಟಿಸೂ ಹೋಗಿರುವುದಿಲ್ಲ.

ಹಾಗಾದರೆ ಯಾವುದು ಸಂಗತಿ, ಯಾವುದು ಕಾನೂನಿನ ಪ್ರಶ್ನೆ? ಉಯಿಲಿನ ಸಾಕ್ಷಿಯನ್ನು ಎರಡೂ ನ್ಯಾಯಾಲಯಗಳು ನಂಬಲಿಲ್ಲ ಎಂಬುದು ಸಂಗತಿ. ಅದು ತಪ್ಪೆಂದು ನಿಮಗೆ ಎಷ್ಟೇ ಅನ್ನಿಸಿದರೂ ಹೈಕೋರ್ಟು ಅದನ್ನು ಕದಲಿಸುವುದು ಅಪರೂಪ. ಆದರೆ 1994ಕ್ಕಿಂತ ಮೊದಲೇ ಮದುವೆಯಾದ ಹೆಣ್ಣುಮಗಳಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲವೆಂದು ಕೆಳಗಿನ ನ್ಯಾಯಾಲಯ ದಾವೆಯನ್ನು ವಜಾ ಮಾಡಿದ್ದರೆ ಅದು ಕಾನೂನಿನ ಪ್ರಶ್ನೆ. ಕರ್ನಾಟಕದ ಹಳೆಯ ತಿದ್ದುಪಡಿ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಮಾತ್ರ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಂದೆ 2005ರಲ್ಲಿ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಇಂಥ ಪ್ರಶ್ನೆ ಕೈಯಲ್ಲಿದ್ದರೆ ದ್ವಿತೀಯ ಮೇಲ್ಮನವಿಗೆ ಅಳುಕಬೇಕಿಲ್ಲ. ಇಲ್ಲದಿದ್ದರೆ, ಎಲ್ಲ ಶ್ರಮವನ್ನೂ ಪ್ರಥಮ ಮೇಲ್ಮನವಿಯಲ್ಲೇ ಸುರಿಯಿರಿ. ಒಳ್ಳೆಯ ವಕೀಲರನ್ನು ಹೈಕೋರ್ಟಿಗೆಂದು ಕಾದಿರಿಸುವುದು ನಾನು ಕಂಡ ದೊಡ್ಡ ತಪ್ಪುಗಳಲ್ಲೊಂದು.

ದಾವೆ ನಡೆಯುತ್ತಿರುವಾಗಲೇ ತಾತ್ಕಾಲಿಕ ತಡೆಯಾಜ್ಞೆಯ ವಿಷಯದಲ್ಲಿ ಎರಡು ಹಂತದಲ್ಲೂ ಸೋತವರಿಗೆ ಉಳಿಯುವುದು ಕೆಳಗಿನ ನ್ಯಾಯಾಲಯಗಳ ಮೇಲ್ವಿಚಾರಣೆಯ ಅಧಿಕಾರವನ್ನು ಹೈಕೋರ್ಟಿಗೆ ಕೊಡುವ 227ನೇ ವಿಧಿ ಮಾತ್ರ. 2002ರಿಂದ ಜಾರಿಯಲ್ಲಿರುವ ತಿದ್ದುಪಡಿಯಿಂದಾಗಿ ಮಧ್ಯಂತರ ಆದೇಶಗಳ ಮೇಲೆ ರಿವಿಷನ್ ಬಹುತೇಕ ಇಲ್ಲವಾಗಿದೆ. ಸಿವಿಲ್ ನ್ಯಾಯಾಲಯದ ಆದೇಶವನ್ನು 226ರಡಿ ಪ್ರಶ್ನಿಸಲಾಗದೆಂದು 2015ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಈ ಎರಡು ಅಂಕಿಗಳ ವ್ಯತ್ಯಾಸ ಸಣ್ಣದಲ್ಲ: 226ರಡಿ ಏಕಸದಸ್ಯ ಪೀಠದಲ್ಲಿ ಸೋತರೆ ಕರ್ನಾಟಕ ಉಚ್ಚ ನ್ಯಾಯಾಲಯ ಕಾಯ್ದೆಯ 4ನೇ ಕಲಮಿನಂತೆ 30 ದಿನಗಳಲ್ಲಿ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ ಹೋಗಬಹುದು, 227ರಡಿ ಸೋತರೆ ಆ ಮೆಟ್ಟಿಲಿಲ್ಲ.

ಒಂದೇ ಪರಿಹಾರ, ಎರಡು ದಾರಿ

ಸಕಲೇಶಪುರ ತಾಲ್ಲೂಕಿನಲ್ಲಿ ಒಬ್ಬರ ಜಮೀನು ಎತ್ತಿನಹೊಳೆಯಂಥ ರಾಜ್ಯ ಯೋಜನೆಗೆ 2013ರ ಭೂಸ್ವಾಧೀನ ಕಾಯ್ದೆಯಡಿ ಹೋಗಿದೆ, ಪಕ್ಕದವರದು ರಾಷ್ಟ್ರೀಯ ಹೆದ್ದಾರಿ 75ರ ಅಗಲೀಕರಣಕ್ಕೆ ಹೋಗಿದೆ ಎಂದುಕೊಳ್ಳಿ. ಪರಿಹಾರದ ಲೆಕ್ಕ ಹಾಕುವ ಬಗೆ 2015ರಿಂದ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಜಾಸ್ತಿ ಕೇಳುವ ದಾರಿ ಮಾತ್ರ ಸಂಪೂರ್ಣ ಬೇರೆ. ಮೊದಲನೆಯವರು ಆ ಕಾಯ್ದೆಯ 64ನೇ ಕಲಮಿನಡಿ ತಮ್ಮ ತಕರಾರನ್ನು ಪ್ರಾಧಿಕಾರಕ್ಕೆ ಕಳಿಸಿಕೊಡುವಂತೆ (ಉಲ್ಲೇಖ) ಕೇಳಬೇಕು. ಐತೀರ್ಪಿನ (ಪರಿಹಾರ ನಿಗದಿಮಾಡುವ ಆದೇಶದ) ದಿನ ಹಾಜರಿದ್ದರೆ ಅದಕ್ಕಿರುವುದು ಆರು ವಾರ. ಅನಂತರ 60 ದಿನಗಳಲ್ಲಿ ನೇರ ಹೈಕೋರ್ಟಿಗೆ ಮೇಲ್ಮನವಿ, ಅಲ್ಲಿ ಕ್ರಯಪತ್ರಗಳನ್ನು ಹೋಲಿಸಿ ದರವನ್ನೇ ಏರಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಎರಡನೆಯವರು ಹೆದ್ದಾರಿ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬೇಕು. ಅವರ ಐತೀರ್ಪನ್ನು ಜಿಲ್ಲಾ ನ್ಯಾಯಾಲಯದಲ್ಲಿ ಮೂರು ತಿಂಗಳೊಳಗೆ ಪ್ರಶ್ನಿಸಬೇಕು, ತಡವಾದರೆ ಹೆಚ್ಚುವರಿ 30 ದಿನ ಸಿಕ್ಕೀತು, ಅದಕ್ಕಿಂತ ಒಂದು ದಿನವೂ ಇಲ್ಲ. ಆಮೇಲೆ ಹೈಕೋರ್ಟು. ಆ ಎರಡೂ ಹಂತಗಳಲ್ಲಿ ಐತೀರ್ಪಿನ ದೋಷವನ್ನು ನೋಡುತ್ತಾರೆಯೇ ಹೊರತು ದರವನ್ನು ಹೊಸದಾಗಿ ಅಳೆಯುವುದಿಲ್ಲ. ಹೀಗಾಗಿ ಹೆದ್ದಾರಿಗೆ ಜಮೀನು ಕೊಟ್ಟವರು ಮಾರುಕಟ್ಟೆ ಬೆಲೆಯ ಕಾಗದಗಳನ್ನೂ, ಕಾಫಿ, ಮೆಣಸು, ಸಿಲ್ವರ್ ಮರಗಳ ಎಣಿಕೆಯನ್ನೂ ಮಧ್ಯಸ್ಥಗಾರರ ಮುಂದೆಯೇ ಇಡಬೇಕು. ಹೈಕೋರ್ಟಿನಲ್ಲಿ ತೋರಿಸೋಣವೆಂದು ಕಪಾಟಿನಲ್ಲಿಟ್ಟ ಕಾಗದ ಕಪಾಟಿನಲ್ಲೇ ಉಳಿಯುತ್ತದೆ. ಒಪ್ಪಂದದ ದರಕ್ಕೆ ಸಹಿ ಹಾಕಿದವರಿಗಂತೂ ಈ ಎರಡೂ ಬಾಗಿಲು ಮುಚ್ಚಿದಂತೆಯೇ.

ಉಳಿದವನ್ನು ಚುಟುಕಾಗಿ ಹೇಳಬಹುದು. ಅಪಘಾತ ಪರಿಹಾರದ ಮೇಲ್ಮನವಿಗೆ 90 ದಿನ. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ 2019ರ ತಿದ್ದುಪಡಿಯಂತೆ ಮೇಲ್ಮನವಿಯೇ ಇಲ್ಲ. ಇದ್ದರೆ ಅದು ಪೂರ್ಣ ಪ್ರಮಾಣದ ಮೇಲ್ಮನವಿ, ಆದಾಯವನ್ನೂ ಅಂಗವೈಕಲ್ಯದ ಶೇಕಡಾವಾರನ್ನೂ ಮತ್ತೆ ಲೆಕ್ಕ ಹಾಕುತ್ತಾರೆ. ರಾಜ್ಯ ಸರ್ಕಾರಿ ನೌಕರರು ವರ್ಗಾವಣೆ, ಬಡ್ತಿ, ಅಮಾನತುಗಳಿಗೆ ಮೊದಲು ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲಿಂದ ಮುಂದೆ ಹೈಕೋರ್ಟಿನ ವಿಭಾಗೀಯ ಪೀಠ ಎಂಬುದು 1997ರ ಚಂದ್ರಕುಮಾರ್ ತೀರ್ಪಿನ ಫಲ. ಕ್ರಿಮಿನಲ್ ಪ್ರಕರಣವನ್ನು ರದ್ದುಮಾಡಿಸಲು ಜನರ ಬಾಯಲ್ಲಿ ಇಂದಿಗೂ ಇರುವುದು "482". ಅದು ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಕಲಮು; 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದು 528 ಆಗಿದೆ, 482 ಈಗ ನಿರೀಕ್ಷಣಾ ಜಾಮೀನಿನ ಅಂಕಿ. ಅಂಕಿ ಅದಲುಬದಲಾದರೂ ತತ್ವ ಹಳೆಯದೇ: ರದ್ದತಿಯ ಅರ್ಜಿಯಲ್ಲಿ ದೂರನ್ನು ನಿಜವೆಂದೇ ಇಟ್ಟುಕೊಂಡು, ಆಗಲೂ ಅಪರಾಧ ಕಾಣುವುದಿಲ್ಲವೇ ಎಂದು ನೋಡುತ್ತಾರೆ. ನಾನು ಆ ದಿನ ಊರಲ್ಲೇ ಇರಲಿಲ್ಲ ಎಂಬ ವಾದಕ್ಕೆ ಜಾಗ ವಿಚಾರಣಾ ನ್ಯಾಯಾಲಯ. ಜಾಮೀನಿಗಾದರೆ ಸೆಷನ್ಸ್ ನ್ಯಾಯಾಲಯದಲ್ಲಿ ಮೊದಲು ಕೇಳುವುದೇ ವಾಡಿಕೆ.

ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸ್ವಂತ ಜಗಳಕ್ಕೆ ಬಳಸಬೇಡಿ, ದಂಡ ಬೀಳುತ್ತದೆ. ಊರೂರೇ ಬಳಲುವ ಸಮಸ್ಯೆಯಾದರೆ ಅದಕ್ಕೆ ಶಕ್ತಿಯುಂಟು. ಆಲೂರು, ಸಕಲೇಶಪುರದ ಕಾಡಾನೆಗಳ ಹಾವಳಿಯ ಬಗ್ಗೆ ತಜ್ಞರು 2012ರಲ್ಲಿ ಕೊಟ್ಟ ವರದಿ ಸರ್ಕಾರ ತಾನಾಗಿ ತರಿಸಿದ್ದಲ್ಲ. ಹೈಕೋರ್ಟು ರಚಿಸಿದ ಆನೆ ಕಾರ್ಯಪಡೆಯದು. ಲೋಕ ಅದಾಲತ್ತಿನದು ಇದಕ್ಕೆ ತದ್ವಿರುದ್ಧ ಗುಣ: ಅಲ್ಲಿ ಆಗುವ ರಾಜಿ ಅಂತಿಮ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸು ಬರುತ್ತದೆ. ಪಾಲು ವಿಭಾಗದ ಮೇಲ್ಮನವಿ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಕುಳಿತಿರುವಾಗ ಈ ದಾರಿಯನ್ನು ಕೇಳಿ ನೋಡದಿರುವುದು ನಷ್ಟ. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿದರೆ ಹೈಕೋರ್ಟಿನ ಕಾನೂನು ಸೇವಾ ಸಮಿತಿಗೆ ದಾರಿ ತೋರಿಸುತ್ತಾರೆ.

ಯಾವ ದಾರಿ ಹಿಡಿದರೂ ಕೈಯಲ್ಲಿರಬೇಕಾದದ್ದು ದೃಢೀಕೃತ ನಕಲು. ಅದರ ಕೊನೆಯ ಪುಟದ ಹಿಂಬದಿಯಲ್ಲಿ ನೀಲಿ ಮೊಹರೊಂದಿರುತ್ತದೆ. ನಕಲಿಗೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಂದು ಕೈಬರಹದಲ್ಲಿ ತುಂಬಿರುತ್ತಾರೆ. ನಕಲು ಪಡೆಯಲು ಹಿಡಿದ ದಿನಗಳನ್ನು ಕಾಲಮಿತಿಯಿಂದ ಕಳೆದು ಲೆಕ್ಕ ಹಾಕುವುದು ಈ ಸಾಲುಗಳಿಂದಲೇ. ಸಿದ್ಧವಾದ ಮೇಲೆ ನೀವು ಹೋಗಿ ತೆಗೆದುಕೊಳ್ಳದೆ ಬಿಟ್ಟ ದಿನಗಳು ಮಾತ್ರ ನಿಮ್ಮ ತಲೆಯ ಮೇಲೆಯೇ. ರಿಟ್ಟಿಗೆ ದಿನಗಳ ಕಟ್ಟುಪಾಡಿಲ್ಲವಾದರೂ ತಡಕ್ಕೆ ಕಾರಣ ಹೇಳಲೇಬೇಕು. ಕನ್ನಡದ ಆದೇಶ, ಪಹಣಿ, ಹಳೆಯ ಕ್ರಯಪತ್ರಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಬೇಕಾಗುವುದರಿಂದ ಕೊನೆಯ ವಾರದವರೆಗೆ ಕಾಯುವಂತಿಲ್ಲ.

ಇಷ್ಟೆಲ್ಲ ಸೋತವರ ಮಾತಾಯಿತು. ಗೆದ್ದವರಿಗೂ ಒಂದು ಆಯ್ಕೆಯಿದೆ. ಎದುರುದಾರರು ಹೈಕೋರ್ಟಿಗೆ ಹೋಗುವರೆಂಬ ಸುಳಿವಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಅಲ್ಲಿ ಕೇವಿಯಟ್ (ಮುನ್ನೆಚ್ಚರಿಕೆಯ ಅರ್ಜಿ) ಸಲ್ಲಿಸಿದರೆ ನಿಮಗೆ ತಿಳಿಸದೆ ತಡೆಯಾಜ್ಞೆ ಕೊಡುವಂತಿಲ್ಲ. ಅದು ಊರ್ಜಿತವಿರುವುದು 90 ದಿನ. ಅಷ್ಟರಲ್ಲಿ ಮೇಲ್ಮನವಿ ಬಾರದಿದ್ದರೆ ಹೊಸದಾಗಿ ಸಲ್ಲಿಸಬೇಕು.